ತುಳಿಯಬಾರದ ನೀರು

ಮೀನುಗಳು ಇವತ್ತೂ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಪಾಲಾಕ್ಷಪ್ಪ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು, ಹಾಲಿನ ಮೂಲೆಯಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳು ಮಡಿಚಿ ಮಡಿಚಿ ಎಣಿಸಿದ. ನಿನ್ನೆ ಸಂಜೆ ಇದ್ದಷ್ಟೂ ಇದ್ದವು. ಹೊಸದಾಗಿ ಸತ್ತದ್ದು ಯಾವುದೂ ಇಲ್ಲ. ಒಂದು ಕ್ಷಣ ಜೀವ ತಣ್ಣಗಾಯಿತು. ಅಷ್ಟರಲ್ಲಿ ಒಳಕೋಣೆಯಲ್ಲಿ ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿ, ಇವತ್ತು ಅಕ್ಕ ಹೊರಡುತ್ತಾಳೆಂಬುದು ನೆನಪಾಯಿತು. ಅಕ್ಕ ಅನ್ನದಾನಮ್ಮ ಹಡಗಲಿಯಲ್ಲಿರುವ ಕಿರಿಯ ತಮ್ಮ ಮರುಳಪ್ಪನ ಮನೆಗೆ ಹೊರಟಿದ್ದಳು; ನಾಲ್ಕು ದಿನ ಇದ್ದು ಬರಲಿಕ್ಕಲ್ಲ, ಖಾಯಮ್ಮಾಗಿ. ಅದನ್ನು ನೆನೆದು ಸಂಕಟಪಡಬೇಕಾದ ಹೊತ್ತಿನಲ್ಲಿ ಮೀನು ಎಣಿಸುತ್ತಾ ಕೂತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಥೂ ಅನ್ನಿಸಿತು. ಅನ್ನಿಸಿದ ಮೇಲೆ ಎದ್ದು ಅಕ್ಕನ ಹತ್ತಿರ ಹೋದನೇ? ಎಲ್ಲಿಯ ಮಾತು. ಬಚ್ಚಲಿಗೆ ಹೋಗಿ ಬಾಯಿಯ ನೊರೆ ಉಗಿದು ಬಂದು, ಮೊದಲಿಂದ ಮತ್ತೊಮ್ಮೆ ಎಣಿಸಿದ.

ಕೊಟ್ಟೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಈ ಮನುಷ್ಯನಿಗೆ ಕೆಲವು ವರ್ಷಗಳಿಂದ ಈ ತೊಟ್ಟಿಯೇ ಲೋಕವಾಗಿಬಿಟ್ಟಿತ್ತು. ಮೀನು ಸಾಕುವುದು ಏನು ಮಹಾ, ಹೊಸಪೇಟೆಯ ಹೋಟೆಲುಗಳಲ್ಲೂ ಪ್ಲಾಸ್ಟಿಕ್ ಗಿಡ ನೆಟ್ಟು ಮೀನು ಬಿಟ್ಟಿರುತ್ತಾರೆ. ತನ್ನದು ಹಾಗಲ್ಲ, ನೀರೊಳಗಿನ ತೋಟ ಎಂದು ಅವನ ಹಮ್ಮು. ದಾವಣಗೆರೆಯ ಇಂಟರ್‌ನೆಟ್ ಅಂಗಡಿಗೆ ಹೋಗಿ ಕೂತು ಓದಿಕೊಂಡು ಬಂದಿದ್ದ. ನೀರಿನ ಗಿಡ ಸೊಂಪಾಗಿ ಬರಬೇಕಾದರೆ ಇಂಗಾಲದ ಡೈ ಆಕ್ಸೈಡ್ ಬೇಕು. ಅದಕ್ಕಾಗಿ ತಂಪುಪಾನೀಯದ ದೊಡ್ಡ ಬಾಟಲಿಯಲ್ಲಿ ಸಕ್ಕರೆ ನೀರು ತುಂಬಿ, ಬೇಕರಿಯಿಂದ ತಂದ ಈಸ್ಟ್ ಕದಡಿ, ಮುಚ್ಚಳಕ್ಕೆ ತೂತು ಕೊರೆದು, ಸಲೈನ್ ಪೈಪನ್ನು ಸಿಕ್ಕಿಸಿ ತೊಟ್ಟಿಯೊಳಕ್ಕೆ ಇಳಿಬಿಟ್ಟಿದ್ದ. ಹಗಲೂ ರಾತ್ರಿ ಗುಳ್ಳೆ ಏಳುತ್ತಿತ್ತು. ಆದರೆ ಆ ಅನಿಲ ಕೈಮೀರಿದರೆ ನೀರು ಹುಳಿಗಟ್ಟುತ್ತದೆ, ಮೀನು ಸಾಯುತ್ತವೆ. ಹುಳಿಯನ್ನು ಏರಗೊಡದೆ ಹಿಡಿದು ನಿಲ್ಲಿಸುವುದು ನೀರಿನಲ್ಲಿ ಕರಗಿರುವ ಸುಣ್ಣದಂಥ ಕ್ಷಾರ. ಕೊಟ್ಟೂರಿನ ಬೋರಿನ ನೀರಿನಲ್ಲಿ ಅದು ಬೇಡವೆಂದರೂ ಇದೆ, ಕಾಯಿಸಿದ ಪಾತ್ರೆಯ ತಳಕ್ಕೆಲ್ಲ ಬಿಳಿ ಹಕ್ಕಳೆ. ಆ ಗಡಸು ನೀರಿನಲ್ಲಿ ಅವನ ಪುಟ್ಟ ನಿಯಾನ್ ಮೀನುಗಳ ನೀಲಿ ಗೆರೆ ಮಾಸಿಹೋಗುತ್ತಿತ್ತು. ಅದಕ್ಕೇ ಮಾಳಿಗೆಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಅಳತೆ ಹಾಕಿ ಬೋರಿನ ನೀರಿಗೆ ಬೆರೆಸುತ್ತಿದ್ದ. ವಿಚಿತ್ರವೆಂದರೆ, ಅಕ್ಕ ಈ ಮನೆಗೆ ಬಂದ ಮೇಲಿನ ಈ ಒಂದು ವರ್ಷದಲ್ಲಿ, ಬೋರಿನ ನೀರನ್ನು ಎಷ್ಟು ಕಡಿಮೆ ಮಾಡಿದರೂ ತೊಟ್ಟಿಯ ಕ್ಷಾರ ಇಳಿಯಲೇ ಇಲ್ಲ. ಲ್ಯಾಬಿನಲ್ಲಿ ಆಮ್ಲ ತೊಟ್ಟಿಕ್ಕಿಸಿ ಅಳೆದಾಗಲೆಲ್ಲ ಇರಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ. ಬೇರೆ ಯಾರಾದರೂ ಆಗಿದ್ದರೆ ಇದೆಲ್ಲಿಂದ ಬಂತಪ್ಪಾ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರು. ಇವನು ತನ್ನ ಕೈಗುಣ ಅಂದುಕೊಂಡ. ಕೊನೆಗೆ ಬೋರಿನ ನೀರನ್ನು ಪೂರಾ ಬಿಟ್ಟು ಬರೀ ಮಳೆನೀರಿಗೆ ಬಂದ. ಆಗಲೂ ಗಿಡ ಹಚ್ಚಗೆ, ಮೀನು ಚುರುಕಾಗಿ ಇದ್ದವು. ಕ್ಲಾಸಿನಲ್ಲಿ ಸಮತೋಲದ ಪಾಠ ಬಂದಾಗಲೆಲ್ಲ ಈ ತೊಟ್ಟಿಯ ಪುರಾಣ ಶುರುವಾಗುತ್ತಿತ್ತು.

ಆ ಪುರಾಣ ಕೇಳಿಯೇ ಕೆಲವು ವಾರಗಳ ಹಿಂದಿನ ಒಂದು ಭಾನುವಾರ ಹಾಲೇಶಪ್ಪನವರು ಹೆಂಡತಿಯನ್ನು ಕರೆದುಕೊಂಡು ಬಂದದ್ದು. ಮೆಕ್ಕೆಜೋಳದ ದೊಡ್ಡ ವ್ಯಾಪಾರಿ, ಕಾಲೇಜಿನ ಆಡಳಿತ ಮಂಡಳಿಯಲ್ಲಿ ಅವರು ಹೇಳಿದ್ದೇ ಮಾತು. ಪಾಲಾಕ್ಷಪ್ಪ ಶರ್ಟು ಇಸ್ತ್ರಿ ಮಾಡಿಸಿಕೊಂಡು, ಹೆಂಡತಿ ಅಮೃತಾಳಿಂದ ಮಂಡಕ್ಕಿ ಮಿರ್ಚಿ ಮಾಡಿಸಿ, ತೊಟ್ಟಿಯ ದೀಪ ಹಾಕಿ ಕಾದಿದ್ದ. ಮಳೆನೀರು, ಕ್ಷಾರ, ಅನಿಲ, ಮೂರರ ಸಮತೋಲವನ್ನು ತಾನು ಹೇಗೆ ಸಾಧಿಸಿದೆನೆಂದು ಅವನು ಬೆರಳು ತೋರಿಸಿ ಹೇಳುತ್ತಿದ್ದರೆ ಹಾಲೇಶಪ್ಪನವರು ಮಿರ್ಚಿ ಮುರಿಯುತ್ತಾ ಹೂಂ ಹೂಂ ಅನ್ನುತ್ತಿದ್ದರು. ಆಗ ಅನ್ನದಾನಮ್ಮ ಬಂದಳು. ಒದ್ದೆ ತಲೆಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆ ಬಟ್ಟಲು. ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದಳು. "ಬರ್ರಿ, ಯಾವಾಗ ಬಂದ್ರಿ? ಆರಾಮ ಅದೀರಿ?" ಎಂದು ಅತಿಥಿಗಳಿಗೆ ನಕ್ಕು, ದಿನದ ಕೆಲಸವೆಂಬಂತೆ ತೊಟ್ಟಿಯ ಮುಚ್ಚಳ ಎತ್ತಿ, ಕಣ್ಣು ಮುಚ್ಚಿ, ಬಟ್ಟಲಿನ ನೀರನ್ನು ಒಳಕ್ಕೆ ಸುರಿದಳು. ವಿಭೂತಿಯ ಬಿಳುಪು ಗಿಡಗಳ ನಡುವೆ ಮೆಲ್ಲಗೆ ಹರಡಿ ಇಳಿಯಿತು.

ಹಾಲೇಶಪ್ಪನವರು ಬಾಯಲ್ಲಿದ್ದದ್ದನ್ನು ನುಂಗಿ, "ಏನ್ರೀ ಲೆಕ್ಚರರ, ನಿಮ್ಮ ಮೀನಿಗೆಲ್ಲಾ ಲಿಂಗದೀಕ್ಷಿ ಆಗೈತೇನ್ರಿ?" ಎಂದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಮೃತಾ ಕೂಡ ನಕ್ಕಳು. ಪಾಲಾಕ್ಷಪ್ಪನ ಮುಖ ಇಷ್ಟೇ ಇಷ್ಟಾಯಿತು.

"ಅಕ್ಕಾ, ಏನು ಹಾಕಿದಿ ಅದರಾಗ?"

"ಪೂಜಿ ನೀರಪ್ಪಾ. ತುಳ್ಯಾಡೋ ಜಾಗದಾಗ ಚೆಲ್ಲಬಾರದಲ್ಲ. ನಮ್ಮ ಕೋಗಳಿ ಮನ್ಯಾಗ ಆದ್ರ ಕಣಗಿಲ ಗಿಡಕ್ಕ ಹಾಕ್ತಿದ್ದೆ. ಇಲ್ಲಿ ಎಲ್ಲಿ ನೋಡಿದ್ರೂ ಸಿಮೆಂಟು. ಬಚ್ಚಲಿಗಂತೂ ಹಾಕಾಂಗಿಲ್ಲ. ಇದರಾಗರ ಗಿಡ ಅದಾವ, ಯಾರೂ ಕಾಲಿಡಾಂಗಿಲ್ಲ ಅಂತ ನಾ ಬಂದಾಗಿಂದ ಇಲ್ಲೇ ಹಾಕ್ತೀನಿ. ನೀ ಆ ಹೊತ್ತಿಗೆ ಜಳಕಕ್ಕ ಹೋಗಿರ್ತಿ, ಕಂಡಿಲ್ಲ."

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹಾಲೇಶಪ್ಪನವರು ನಕ್ಕು ಮರೆಯುತ್ತಿದ್ದರು. ಆದರೆ ಪಾಲಾಕ್ಷಪ್ಪನ ಒಳಗೆ ಹಿಂದಿನ ಬೆಂಚಿನ ಹುಡುಗರನ್ನು ನಿಲ್ಲಿಸಿ ನೀರಿಳಿಸುವ ಮೇಷ್ಟ್ರು ಎದ್ದು ಕೂತಿದ್ದ. "ಇಲ್ಲಿ ಬಾ, ಇಲ್ಲಿ ನಿಂದ್ರು," ಎಂದ. "ಈ ಗುಳ್ಳಿ ಕಾಣ್ತಾವಲ್ಲ, ಏನು ಹೇಳು ಇವು?" ಅಕ್ಕ ಅವನು ತಮಾಷೆ ಮಾಡುತ್ತಿದ್ದಾನೆಂದುಕೊಂಡು, "ಗಾಳಿ ಅಲ್ಲೇನಪ್ಪಾ," ಎಂದಳು. "ಎಂಥಾ ಗಾಳಿ? ಇಂಗಾಲದ ಡೈ ಆಕ್ಸೈಡ್. ಅನ್ನು." ಅವಳು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಯಾರ ಮುಖದಲ್ಲೂ ಬಿಡುಗಡೆ ಕಾಣಲಿಲ್ಲ. "ಇಂಗಾಲದ," ಎಂದು ನಿಂತಳು. "ಪೂರ್ತಿ ಅನ್ನು. ಅನ್ನೋ ತನಕ ಬಿಡಾಂಗಿಲ್ಲ." ಅವಳು ಅಂದಳು, ಮೂರು ಸಲ ತಡವರಿಸಿ. ಮಿರ್ಚಿಯ ತಟ್ಟೆಯ ಮುಂದೆ ಮತ್ತೆ ನಗೆ. "ಇದು ನಿನ್ನ ಬೂದಿ ಕಲಸೋ ಹೊಂಡ ಅಲ್ಲ, ತಿಳೀತಾ? ತಪ್ಪಾತು ಅನ್ನು ಇವರ ಮುಂದ." ಅನ್ನದಾನಮ್ಮ ಖಾಲಿ ಬಟ್ಟಲನ್ನು ಎದೆಗೆ ಒತ್ತಿ ಹಿಡಿದುಕೊಂಡು, ತಮ್ಮನನ್ನು ನೋಡದೆ ತೊಟ್ಟಿಯನ್ನು ನೋಡುತ್ತಾ, "ತಪ್ಪಾತ್ರಿ," ಎಂದು ಒಳಗೆ ಹೋದಳು.

ಆ ದನಿ ಅವನಿಗೆ ಹೊಸದಲ್ಲ. ಹರಪನಹಳ್ಳಿಯಲ್ಲಿ ಓದುವಾಗ ಕಾಲೇಜಿನ ಗೇಟಿಗೆ ವಾರಕ್ಕೊಮ್ಮೆ ರೊಟ್ಟಿಯ ಗಂಟು ಹೊತ್ತು ಬರುತ್ತಿದ್ದವಳು ಇದೇ ಅಕ್ಕ. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು, ಕೋಗಳಿಯಲ್ಲಿ ಕಂಡವರ ಹೊಲದಲ್ಲಿ ಕಳೆ ಕಿತ್ತು, ಬಸ್ಸು ಹತ್ತಿ ಬರುತ್ತಿದ್ದಳು; ಸೀರೆಯ ಅಂಚಿಗೆ ಕೆಸರು, ಕಾಲಿಗೆ ಚಪ್ಪಲಿ ಇಲ್ಲ. "ಯಾರಲೇ ಅಕಿ?" ಎಂದು ಗೆಳೆಯ ಕೇಳಿದಾಗ, ಇವನ ಬಾಯಿಂದ ಬಂದದ್ದು, "ನಮ್ಮ ಮನಿ ಆಳು." ಅವಳು ದೂರದಲ್ಲಿದ್ದಳು, ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದ. ಮುಂದಿನ ವಾರ ಅವಳು ಗೇಟಿನ ಒಳಕ್ಕೆ ಬರಲಿಲ್ಲ. ಹೊರಗೇ ನಿಂತು, ಸೆರಗು ತಲೆಗೆಳೆದುಕೊಂಡು, "ಸಣ್ಣ ಧಣೇರ, ಬುತ್ತಿ ತಂದೀನ್ರಿ," ಎಂದು ಕೂಗಿದಳು. ಇಬ್ಬರೇ ಇದ್ದಾಗಲೂ ಆಮೇಲೆ ಅದರ ಮಾತು ಎತ್ತಲಿಲ್ಲ, ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆ ರೊಟ್ಟಿಯನ್ನು ಅವನು ತಿಂದ. ಹೊಟ್ಟೆ ತುಂಬ ತಿಂದ.

ಅತಿಥಿಗಳು ಹೋದ ಮೇಲೆ ಅಮೃತಾ ತಟ್ಟೆ ಎತ್ತುತ್ತಾ, "ನಾ ದಿನಾ ನೋಡ್ತಿದ್ದೆ," ಎಂದಳು.

"ಏನು?"

"ಅಕ್ಕಾರು ನೀರು ಹಾಕೋದು."

"ಮತ್ತ ಹೇಳಬಾರದಾ?"

"ನಿಮ್ಮ ಅಕ್ಕ, ನಿಮ್ಮ ಮೀನು. ನಡುವ ನಾ ಯಾಕ ಕೆಟ್ಟಕಿ ಆಗ್ಲಿ? ಒಂದಿನ ಗೊತ್ತಾಗೇ ಆಗ್ತೈತಿ, ನೀವೇ ನೋಡ್ಕೊಂತೀರಿ ಅಂತ ಸುಮ್ಮನಿದ್ದೆ." ಹೀಗೆಂದು ಅವಳು ಹಗುರ ಮನಸ್ಸಿನಿಂದ ತಟ್ಟೆ ತೊಳೆಯಲು ಹೋದಳು.

ಮರುದಿನದಿಂದ ಅನ್ನದಾನಮ್ಮ ಬಟ್ಟಲಿನ ಮೇಲೆ ಸೆರಗು ಮುಚ್ಚಿಕೊಂಡು ಓಣಿ ದಾಟಿ, ಶಾಲೆಯ ಹಿಂದಿನ ಬೇವಿನ ಮರದ ಬುಡದವರೆಗೆ ಹೋಗಿ ಬರತೊಡಗಿದಳು. ಮೊಣಕಾಲು ನೋವಿಗೆ ಕುಂಟುತ್ತಾ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಕಂಡರೂ ಪಾಲಾಕ್ಷಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ತೊಟ್ಟಿ ಶುದ್ಧವಾಗಲೆಂದು ಅರ್ಧ ನೀರು ತೆಗೆದು ಹೊಸ ಮಳೆನೀರು ತುಂಬಿದ. ವಾರ ಕಳೆದಿರಬಹುದು, ಒಂದು ಬೆಳಿಗ್ಗೆ ಅಕ್ಕನ ಕೂಗಿಗೆ ಎಚ್ಚರಾಯಿತು. ಅವಳು ತೊಟ್ಟಿಯ ಮುಂದೆ ನೆಲಕ್ಕೆ ಕುಸಿದಿದ್ದಳು. "ಎದ್ದು ನೋಡ್ತೀನಿ, ಎಲ್ಲಾ ಮಕ್ಕೊಂಡಾವಲ್ಲೋ ಪಾಲಾಕ್ಷಿ," ಎಂದಳು. ಗಿಡದ ಬುಡದಲ್ಲಿ, ಹರಳಿನ ಮೇಲೆ, ಪೈಪಿನ ಬಾಯಿಯ ಹತ್ತಿರ, ಹೊಟ್ಟೆ ಮೇಲೆ ಮಾಡಿಕೊಂಡು ಸತ್ತ ಮೀನುಗಳು. ಬದುಕಿದ್ದ ಕೆಲವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಮೃತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ವರ್ಸಪೂರ್ತಿ ಬೂದಿ ಕುಡದಾವ. ಒಳಗ ಕೂತಿದ್ದು ಈಗ ಹೊರಗ ಬಂತು ನೋಡ್ರಿ," ಎಂದಳು. ಹಿಟ್ಟಿನಲ್ಲಿ ಇರುವೆ ಸಿಕ್ಕರೆ ಊದಿ ಊದಿ ಹೊರಗೆ ಬಿಡುವ ಅನ್ನದಾನಮ್ಮ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆವತ್ತು ಊಟ ಮಾಡಲಿಲ್ಲ, ಮಾರನೆಯ ದಿನವೂ ಮಾಡಲಿಲ್ಲ.

ಪಾಲಾಕ್ಷಪ್ಪ ತೊಟ್ಟಿಯ ನೀರನ್ನು ಶೀಶೆಯಲ್ಲಿ ತುಂಬಿಕೊಂಡು ಲ್ಯಾಬಿಗೆ ಹೋದ. ವಿಭೂತಿಯ ವಿಷ ಎಷ್ಟಿದೆಯೆಂದು ತೋರಿಸಬೇಕಾಗಿತ್ತು ಅವನಿಗೆ. ಆಮ್ಲದ ಮೊದಲ ಹನಿಗೇ ಬಣ್ಣ ತಿರುಗಿತು. ನೀರಿನಲ್ಲಿ ಕ್ಷಾರವೇ ಇರಲಿಲ್ಲ. ಇನ್ನೊಮ್ಮೆ ಮಾಡಿದ, ಮತ್ತೆ ಅದೇ. ಸಂಜೆ ಮನೆಗೆ ಬಂದವನು, ಅಕ್ಕ ಹಿತ್ತಲಲ್ಲಿದ್ದ ಹೊತ್ತು ನೋಡಿ, ಅವಳ ಪೂಜೆಯ ಜಗಲಿಯ ಮೇಲಿನ ವಿಭೂತಿ ಗಟ್ಟಿಯಿಂದ ಚೂರು ಕೆರೆದುಕೊಂಡು ಮತ್ತೆ ಲ್ಯಾಬಿಗೆ ಹೋಗಿ ಪ್ರಣಾಳದಲ್ಲಿ ಹಾಕಿ ಆಮ್ಲ ಬಿಟ್ಟ. ಬುಸ್ಸೆಂದು ನೊರೆಯೆದ್ದಿತು. ಪ್ರತಿ ಶಿವರಾತ್ರಿಗೆ ಕೋಗಳಿಗೆ ಹೋಗಿ, ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಸೋಸಿ, ಗಟ್ಟಿ ನಿಲ್ಲಲಿ ಎಂದು ಒಂದಿಷ್ಟು ಸುಣ್ಣ ಬೆರೆಸಿ ತಟ್ಟುತ್ತಿದ್ದಳು ಅವಳು. ದಿನಕ್ಕೊಂದು ಬಟ್ಟಲು. ಹುಳಿ ಏರಿದಷ್ಟೂ ಕರಗಿ ಹಿಡಿದು ನಿಲ್ಲಿಸುತ್ತಾ ಬಂದದ್ದು ಅದು. ಅವನು ಮೆರೆದ ಸಮತೋಲ ಅದು. ಮೀನು ಸತ್ತದ್ದು ಅವಳ ನೀರಿನಿಂದಲ್ಲ, ಅವಳ ನೀರು ನಿಂತದ್ದರಿಂದ. ನಿಲ್ಲಿಸಿದವನು ತಾನು. ಪ್ರಣಾಳವನ್ನು ಅವಸರವಸರವಾಗಿ ಮೂರು ಸಲ ತೊಳೆದ. ಅಯ್ಯೋ, ಪಶ್ಚಾತ್ತಾಪಕ್ಕಲ್ಲ, ಪಕ್ಕದ ಮೇಜಿನಲ್ಲಿದ್ದ ಅಟೆಂಡರು ನೋಡಿಬಿಟ್ಟನೇನೋ ಎಂದು.

ಅಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅವನ ತಟ್ಟೆಯ ಎದುರಿಗೆ ಬಂದು ಕೂತಳು. "ಪಾಲಾಕ್ಷಿ, ನೀ ಓದಿದಾವ. ಖರೇ ಹೇಳಪ್ಪಾ. ನಾ ಹಾಕಿದ ನೀರಿಗೇ ಸತ್ವೇನು ಅವು?"

ಅಮೃತಾ ಪಲ್ಯದ ಸೌಟು ಹಿಡಿದು ನಿಂತಿದ್ದಳು. ಅಲ್ಲ ಎಂಬ ಎರಡಕ್ಷರ ಸಾಕಾಗಿತ್ತು. ಆದರೆ ಅಲ್ಲ ಎಂದರೆ ಮತ್ತೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಯಾಕೆ ಎಂದರೆ ತನ್ನ ಹೆಸರು ಬರುತ್ತದೆ, ನಾಳೆ ಅಮೃತಾಳ ಬಾಯಿಂದ ಹಾಲೇಶಪ್ಪನವರ ಹೆಂಡತಿಯ ಕಿವಿಗೆ, ಅಲ್ಲಿಂದ ಕಾಲೇಜಿಗೆ. ವರ್ಷಪೂರ್ತಿ ಒಬ್ಬ ಹೆಂಗಸಿನ ಪೂಜೆಯ ನೀರನ್ನು ತನ್ನ ವಿಜ್ಞಾನವೆಂದು ಮೆರೆದ ಮೇಷ್ಟ್ರು! ಅವನು ರೊಟ್ಟಿ ಮುರಿದು, "ಹೂಂ," ಎಂದ.

ಅವಳು ಡಾಕ್ಟರು ಹೇಳಿದ್ದಕ್ಕೆ ತಲೆಯಾಡಿಸುವಂತೆ ಆಡಿಸಿದಳು. "ಹಂಗಾರ ನಾ ಇಲ್ಲಿರಬಾರದು. ಜೀವ ತಗದ ಕೈಲೆ ನಿಮಗ ಹೆಂಗ ಉಣ್ಣಾಕ ನೀಡ್ಲಿ? ಮರುಳಪ್ಪನ ಮನಿಗೆ ಹೋಗ್ತೀನಿ." ಮರುಳಪ್ಪನ ಹೆಂಡತಿ ಹಿಂದೊಮ್ಮೆ ಇವಳನ್ನು ಮೆಕ್ಕೆಜೋಳದ ಚೀಲ ಒಟ್ಟುವ ತಗಡಿನ ಚಪ್ಪರದಲ್ಲಿ ಮಲಗಿಸಿ, ಉಳಿದ ಅಂಬಲಿ ಕೊಟ್ಟದ್ದು ಪಾಲಾಕ್ಷಪ್ಪನಿಗೆ ಗೊತ್ತಿತ್ತು. ಆ ಚಪ್ಪರದಿಂದಲೇ ಅವನು ಅವಳನ್ನು ಇಲ್ಲಿಗೆ ಕರೆತಂದದ್ದು, ನಾಲ್ಕು ಜನರ ಮುಂದೆ ದೊಡ್ಡ ಮಾತಾಡಿ. "ನಿನ್ನ ಇಷ್ಟ," ಎಂದ.

ಇವತ್ತು ಬೆಳಿಗ್ಗೆ ತೊಟ್ಟಿಯ ಮುಂದೆ ಎರಡನೇ ಸಲ ಎಣಿಸಿ ಮುಗಿಸಿದಾಗ ಅವನಿಗೆ ಅರ್ಥವಾದದ್ದು ಇಷ್ಟು: ಉಳಿದವು ಹೆಚ್ಚು ದಿನ ಬಾಳುವುದಿಲ್ಲ. ಅಡುಗೆ ಸೋಡಾ ಹಾಕಿ ನೋಡಿದ್ದ. ಕ್ಷಾರ ಒಮ್ಮೆಗೇ ಏರಿದ್ದಕ್ಕೆ ಮತ್ತೆರಡು ಸತ್ತವು. ತೇರುಬಯಲಿನ ಅಂಗಡಿಯ ವಿಭೂತಿ ತಂದಿದ್ದ. ಬರೀ ಬಿಳಿ ಮಣ್ಣು, ಆಮ್ಲಕ್ಕೆ ಅಲುಗಲಿಲ್ಲ. ಬೋರಿನ ನೀರನ್ನೇ ಒಂದು ತಂಬಿಗೆ ಬೆರೆಸಿದರೆ ತೊಂದರೆಯೇ ಮುಗಿದುಹೋಗುತ್ತಿತ್ತು. ಆದರೆ ಬರೀ ಮಳೆನೀರಿನಲ್ಲಿ ತೋಟ ಮಾಡಿದವನೆಂದು ಊರೆಲ್ಲ ಹೇಳಿಕೊಂಡು ಬಂದವನು, ಅಮೃತಾ ನೋಡುತ್ತಿರುವಾಗ, ನಲ್ಲಿಯ ಕೆಳಗೆ ಕೊಡ ಹಿಡಿಯುವುದೇ? ಒಂದು ವರ್ಷ ನಡೆದದ್ದು ಯಾವುದೋ, ಅದೇ ನಡೆಯಲಿ ಎಂದು ಅವನಿಗೆ ಹಟ. ಅಕ್ಕ ಟ್ರಂಕು ಕಟ್ಟುತ್ತಿದ್ದಾಳೆ. ಗಟ್ಟಿಗಳೆಲ್ಲ ಆ ಟ್ರಂಕಿನಲ್ಲಿ ಹೋಗಿಬಿಡುತ್ತವೆ. ಆಗ ಅವನು ಎದ್ದು ಒಳಗೆ ಹೋದ.

"ಯಕ್ಕಾ."

"ಬಾ ಯಪ್ಪಾ. ಚಾ ಕುಡದೀ?"

"ಒಂದು ವಿಭೂತಿ ಗಟ್ಟಿ ಇಟ್ಟು ಹೋಗು."

ಅವಳು ಕೈಯಲ್ಲಿದ್ದ ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಅವನನ್ನೇ ನೋಡಿದಳು. ಕಾಲೇಜು ಮೆಟ್ಟಿಲು ಹತ್ತಿದಾಗಿನಿಂದ ಹಣೆಗೆ ಬೆರಳು ಮುಟ್ಟಿಸದವನು, ಕೊರಳಿನ ಲಿಂಗವನ್ನು ಬಿಚ್ಚಿ ಬೀರುವಿನಲ್ಲಿಟ್ಟವನು. "ಯಾಕೋ?" ಎಂದಳು, ಮೆತ್ತಗೆ. ಹೇಳಲು ಇದೇ ಕೊನೆಯ ಸಂದರ್ಭವೆಂದು ಅವನಿಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದೂ ಬಂತು. ಹೊರಗೆ ಅಮೃತಾ ಕಸಬರಿಗೆ ಎಳೆಯುವ ಸದ್ದು ಕೇಳಿಸಿತು. "ದಿನಾ ಹಚ್ಕೋಬೇಕು ಅಂತ ಅನಿಸೈತಿ," ಎಂದ.

ಅನ್ನದಾನಮ್ಮನ ಕಣ್ಣಲ್ಲಿ ಫಳಕ್ಕನೆ ನೀರು ಬಂತು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. "ನನ್ನಪ್ಪ! ನನ್ನ ಬಂಗಾರ!" ಎಂದು ಅವನ ಗಲ್ಲ ಸವರಿ ನೆಟಿಗೆ ಮುರಿದಳು. ಟ್ರಂಕಿನಿಂದ ಬಟ್ಟೆ ಬಿಚ್ಚಿ ಒಂದು ಗಟ್ಟಿ ತೆಗೆದು, ನೀರು ಹಚ್ಚಿ ತೇಯ್ದು, ಮೂರು ಬೆರಳಿನಿಂದ ಅವನ ಹಣೆಯ ಈ ಕಡೆಯಿಂದ ಆ ಕಡೆಗೆ ಎಳೆದಳು. "ಆ ಮೂಕ ಜೀವ ಸತ್ತು ನಿನಗ ಶಿವನ್ನ ತೋರ್ಸಿದ್ವು. ನನ್ನ ಪಾಪ ಅರ್ಧ ಹಗುರಾತು ನೋಡಪ್ಪಾ. ಇನ್ನ ಎಲ್ಲಿದ್ರೂ ನಿಶ್ಚಿಂತಿಲಿ ಇರ್ತೀನಿ." ಅವನು ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡ. ಹಣೆ ತಂಪಾಯಿತು. ಒಂದು ಗಟ್ಟಿ ಎಷ್ಟು ದಿನ ಬಂದೀತೆಂದು ಮನಸ್ಸು ಆಗಲೇ ಅಳೆಯುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಹಡಗಲಿ ಬಸ್ಸು ನಿಂತಿತ್ತು. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ, ಅಕ್ಕನನ್ನು ಕಿಟಕಿಯ ಪಕ್ಕ ಕೂಡಿಸಿ ಅವನು ಕೆಳಗಿಳಿದ. ಹಣೆಯ ವಿಭೂತಿ ಒಣಗಿ ಚರ್ಮ ಬಿಗಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಅವಳು ಕಿಟಕಿಯಿಂದ ಅದನ್ನೇ ನೋಡಿ ನೋಡಿ ಹಿಗ್ಗುತ್ತಿದ್ದಾಳೆ. ಅಷ್ಟರಲ್ಲಿ ಕಾಲೇಜಿನ ಭೌತಶಾಸ್ತ್ರದ ಬಸವೇಶ್ ಸ್ಕೂಟರ್ ನಿಲ್ಲಿಸಿ ಬಂದ. "ಏನ್ ಸರ್ ಇದು, ಹಣಿ ತುಂಬಾ! ಸ್ವಾಮಿಗಳಾಗಿಬಿಟ್ರಲ್ಲ! ಯಾರನ್ನ ಕಳಸಾಕ ಬಂದೀರಿ?" ಪಾಲಾಕ್ಷಪ್ಪ ಕಿಟಕಿಯ ಕಡೆ ತಿರುಗಿ ನೋಡಲಿಲ್ಲ. "ನಮ್ಮೂರ ಕಡ್ಯಾರು," ಎಂದ.

ಡ್ರೈವರು ಬಸ್ಸು ಚಾಲೂ ಮಾಡಿದ. ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಕೈಯಲ್ಲಿ ಬಟ್ಟೆಯ ಗಂಟು. ಅನ್ನದಾನಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. "ಸಣ್ಣ ಧಣೇರ, ಇದನ್ನ ತಗೊಳ್ರಿ. ಎಲ್ಲಾ ಇಟ್ಕೊಳ್ರಿ. ದಿನಾ ತಪ್ಪಸಬ್ಯಾಡ್ರಿ. ಶಿವರಾತ್ರಿಗೆ ಹೊಸಾವು ಮಾಡಿ ಕಳಸ್ತೀನ್ರಿ." ದನಿಯಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವನು ಗಂಟು ಇಸಿದುಕೊಂಡ. ಭಾರವಾಗಿತ್ತು, ಅವಳ ಹತ್ತಿರ ಇನ್ನೊಂದೂ ಉಳಿದಿರಲಿಕ್ಕಿಲ್ಲ. ಶಿವರಾತ್ರಿಯ ತನಕ ಧಾರಾಳ ಸಾಕು ಅನ್ನಿಸಿತು.

ಬಸ್ಸು ಗೇಟು ದಾಟುವುದರೊಳಗೆ, ಬಸವೇಶ್ ನಗುತ್ತಾ ನೋಡುತ್ತಿದ್ದನೆಂದು, ಅವನು ಕರವಸ್ತ್ರ ತೆಗೆದು ಹಣೆಯನ್ನು ಒತ್ತಿ ಒತ್ತಿ ಒರೆಸಿಕೊಂಡ. ಆಮೇಲೆ ಆ ಕರವಸ್ತ್ರವನ್ನು ಕೊಡವಲಿಲ್ಲ. ಪುಡಿ ಉದುರದಂತೆ ನಾಲ್ಕು ಮಡಿಕೆ ಮಡಿಸಿ, ಮೀನಿಗೆ ಬೇಕಾಗುತ್ತದೆಂದು ಜೇಬಿನಲ್ಲಿಟ್ಟುಕೊಂಡ.